ಕಮರಿಯಲ್ಲಿ ತಲೆ ಎಣಿಸುವವನು

ಆಳದ ಕಮರಿಯೊಳಗೆ ನಾಲ್ಕು ದಿನ ನಮ್ಮನ್ನು ನಡೆಸಿದ ಮಾರ್ಗದರ್ಶಿಗೆ ನಮ್ಮ ಮುಖಗಳಿಗಿಂತ ಬೂಟುಗಳ ಪರಿಚಯವೇ ಹೆಚ್ಚು. ಬೆಳಗಾದರೆ ಎಲ್ಲರ ಲೇಸು ನೋಡುತ್ತಾನೆ. ಸಡಿಲವಿದ್ದರೆ, ನೀವು ಜಡ್ಜ್ ಆಗಿರಿ ಡಾಕ್ಟರ್ ಆಗಿರಿ, ಗದರಿಸಿ ಬಿಗಿಯಾಗಿ ಕಟ್ಟಿಸುತ್ತಾನೆ. ಬಂಡೆಗಳನ್ನಂತೂ ನಂಬುವುದೇ ಇಲ್ಲ. ಕೋಲಿನಿಂದ ತಟ್ಟಿ, ಸದ್ದು ಕೇಳಿಯೇ ಕಾಲಿಡುತ್ತಾನೆ. ಇನ್ನೆಷ್ಟು ದೂರ ಎಂದು ಕೇಳಿ ನೋಡಿ: "ಸುಮ್ನೆ ನಡೆದ್ರೆ ಎರಡು ಗಂಟೆ ಅಕ್ಕ, ಹೀಗೆ ಕೇಳ್ತಾ ನಡೆದ್ರೆ ನಾಲ್ಕು." ಮೂರನೆಯ ದಿನ ನಾವು ಹಗ್ಗ ಹಿಡಿದು ಹೊಳೆ ದಾಟಿ ನಿಂತಾಗ ನೀರು ಏರತೊಡಗಿತ್ತು. ಚಾರಣ ಏರ್ಪಡಿಸಿದ್ದ ಕಂಪನಿಯ ಮ್ಯಾನೇಜರ್ ವೈರ್‌ಲೆಸ್‌ನಲ್ಲಿ ಕೇಳಿದ: "ಎಂಟೂ ಜನ ದಾಟಿದ್ರಾ?" "ಹದಿನಾಲ್ಕು ಜನ ಸಾರ್. ಎಂಟು ದಾಟಿದ್ದಾರೆ." "ಪಟ್ಟೀಲಿ ಎಂಟೇ ಇರೋದು ಕಣಯ್ಯ. ಅವರನ್ನ ಕರ್ಕೊಂಡು ಹೊರಡು." ನಿಜವೇ. ಪಟ್ಟಿಯಲ್ಲಿ ಡೇರೆಗಳಿದ್ದವು, ಪಾತ್ರೆಗಳಿದ್ದವು. ಅವನ್ನೆಲ್ಲ ಬೆನ್ನ ಮೇಲೆ ಹೊತ್ತು ಹಿಂದೆ ಬರುತ್ತಿದ್ದ ಆರು ಜನ ಮಾತ್ರ ಇರಲಿಲ್ಲ. ಮೂರು ದಿನ ಅವರು ಬೇಯಿಸಿದ್ದನ್ನೇ ಉಂಡ ನಮಗೂ ಅವರ ನೆನಪಾಗಿರಲಿಲ್ಲ, ನಾಚಿಕೆಯಾಗಬೇಕು. ಮಾರ್ಗದರ್ಶಿ ವೈರ್‌ಲೆಸ್ ಆರಿಸಿದ, ಹಗ್ಗವನ್ನು ಬಂಡೆಗೆ ಇನ್ನೊಂದು ಸುತ್ತು ಬಿಗಿದ, ತುದಿಯನ್ನು ನನ್ನ ಕೈಗೆ ಕೊಟ್ಟ. "ಆರು ಜನಾನೂ ದಾಟೋವರೆಗೆ ಬಿಡ್ಬೇಡಿ ಅಕ್ಕ." ಎದೆಮಟ್ಟದ ನೀರಿನಲ್ಲಿ ಅವರು ಒಬ್ಬೊಬ್ಬರಾಗಿ ಬಂದರು. ಪ್ರತಿಯೊಬ್ಬನನ್ನೂ ಅವನು ಹೆಸರು ಹಿಡಿದು ಕರೆದು ದಡಕ್ಕೆಳೆದುಕೊಂಡ. ಆ ಆರು ಹೆಸರುಗಳನ್ನು ನಾನು ಕೇಳಿದ್ದು ಅದೇ ಮೊದಲು.