ಕೇಳದಿದ್ದರೆ ಹೇಳದ ಧರೆಪ್ಪ

ಧರೆಪ್ಪನಂಥ ಸಂಕೋಚದ ಪ್ರಾಣಿಯನ್ನು ನಾನು ಇನ್ನೊಂದು ಕಂಡಿಲ್ಲ. ಹಾಸ್ಟೆಲಿನಲ್ಲಿ ಬಡಿಸುವವನು ಅವನ ತಾಟು ಮರೆತು ಮುಂದೆ ಹೋದರೂ ಕೂಗಿ ಕರೆಯುತ್ತಿರಲಿಲ್ಲ. ಒಣ ರೊಟ್ಟಿ ಮುರಿಯುತ್ತ ಸುಮ್ಮನೆ ಕೂತಿರುತ್ತಿದ್ದ. "ಏ, ಇಲ್ಲಿ ಪಲ್ಯ ಹಾಕೋ" ಎಂದು ಅವನ ಪರವಾಗಿ ಗಂಟಲು ಹರಿದುಕೊಳ್ಳುವ ಕೆಲಸ ನನ್ನದು. ಒಂದೇ ಖೋಲಿಯಲ್ಲಿ ಇದ್ದ ತಪ್ಪಿಗೆ ಆ ಹೊಣೆ ನನಗೆ ಗಂಟುಬಿದ್ದಿತ್ತು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಇಬ್ಬರೂ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆವು. ನನ್ನದು ಇಂಡಿ. ಅವನದು ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿ. ತಂದೆ ಮಾನಪ್ಪನವರು ಕನ್ನಡ ಸಾಲಿಯ ಮಾಸ್ತರರು. ಕಾಲೇಜು ಕೃಷ್ಣೆಯ ಆಚೆ ದಡದ ಕಡೆ. ಬೇಸಿಗೆ ರಜೆಯಲ್ಲಿ ಯಾವುದಾದರೂ ಕಾರ್ಖಾನೆಯಲ್ಲಿ ತರಬೇತಿ ಮಾಡಬೇಕೆಂಬ ನಿಯಮವಿತ್ತು. ಕಾರ್ಖಾನೆ ಹುಡುಕಿಕೊಳ್ಳುವುದು ನಮ್ಮ ನಮ್ಮ ಕರ್ಮ. ಪರೀಕ್ಷೆಗೆ ಮೊದಲು ಮಾಲೀಕರ ಒಪ್ಪಿಗೆ ಪತ್ರ ತರದವನಿಗೆ ನಾಲ್ಕನೇ ವರ್ಷದ ಬಾಗಿಲು ಮುಚ್ಚಿದ ಹಾಗೆಯೇ.

ನನಗೆ ಸೊಲ್ಲಾಪುರದ ಸೋದರಮಾವ ಒಂದು ಬಟ್ಟೆ ಗಿರಣಿಯಲ್ಲಿ ಜಾಗ ಮಾಡಿಕೊಟ್ಟ. ಧರೆಪ್ಪನಿಗೆ ಅಂಥ ಮಾವಂದಿರಿರಲಿಲ್ಲ. ಪುಣೆ, ಹುಬ್ಬಳ್ಳಿಗೆಲ್ಲ ಅರ್ಜಿ ಬರೆದ. ಕೆಲವರು ಆಗುವುದಿಲ್ಲ ಎಂದರು, ಉಳಿದವರು ಅಷ್ಟೂ ಅನ್ನಲಿಲ್ಲ. ಕೊನೆಗೆ ನಮ್ಮ ಜಿಲ್ಲೆಯನ್ನೇ ಸುತ್ತಿದೆವು. ನಮ್ಮ ಕಡೆ ಆಗ ಕಾರ್ಖಾನೆ ಎಂದರೆ ಎಣ್ಣೆ ಮಿಲ್ಲು, ಹತ್ತಿಯಿಂದ ಬೀಜ ಬಿಡಿಸುವ ಜಿನ್ನು, ಅಷ್ಟೇ. ಸಿಂದಗಿಯ ಎಣ್ಣೆ ಮಿಲ್ಲಿನವರು ಬೇಸಿಗೆಯಲ್ಲಿ ಬಾಗಿಲು ಹಾಕುತ್ತೇವೆ ಎಂದರು. ಮುದ್ದೇಬಿಹಾಳದ ಜಿನ್ನಿನವರು ಅಳಿಯನಿಗೆ ಕೊಟ್ಟಾಗಿದೆ ಎಂದರು. ಎರಡೂ ಕಡೆ ಬಾಯಿ ಬಿಟ್ಟು ಕೇಳಿದವನು ನಾನೇ.

ಉಳಿದದ್ದು ತಾಳಿಕೋಟೆಯ ಬಾಬುಲಾಲ ಸಾವಕಾರರ ಹತ್ತಿ ಜಿನ್ನು. ದೊಡ್ಡ ಡೀಸೆಲ್ ಎಂಜಿನ್, ಸಾಲಾಗಿ ಯಂತ್ರಗಳು. ಧರೆಪ್ಪನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾಗಿರಲಿಲ್ಲ. ನನ್ನ ಓದು ಹಿಂದೆ ಬಿದ್ದಿತ್ತು. ಒಂದು ರವಿವಾರ ಅವನೊಬ್ಬನನ್ನೇ ಬಸ್ಸಿಗೆ ಹತ್ತಿಸಿದೆ. ರಾತ್ರಿ ಮುಖ ಅರಳಿಸಿಕೊಂಡು ಬಂದ.

"ಏನಂದ್ರೋ?"

"ಚಾ ಕೊಟ್ರು."

"ತರಬೇತಿದ್ದು ಏನಂದ್ರು?"

"ಅವರು ಕೇಳಲಿಲ್ಲ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬಂದವನಿಗೆ ಮೊದಲು ಬೆಲ್ಲ ನೀರು, ಆಮೇಲೆ ಚಹಾ. ಅದಕ್ಕೂ ಮೊದಲೇ ಯಾಕೆ ಬಂದಿರಿ ಎಂದು ಕೇಳಿದರೆ ಕತ್ತು ಹಿಡಿದು ಹೊರಗೆ ನೂಕಿದಂತೆ. ಬಂದವನೂ ಕೇಳುವ ತನಕ ತನ್ನ ಕೆಲಸ ಹೇಳುವುದಿಲ್ಲ; ಹೇಳಿದರೆ ಕೆಲಸಕ್ಕಾಗಿ ಮಾತ್ರ ಬಂದಂತಾಗುತ್ತದೆ. ಚಹಾ ಮುಗಿದ ಮೇಲೆ ಯಜಮಾನನು "ಮತ್ತ, ಏನ್ ವಿಶೇಷ?" ಅನ್ನುತ್ತಾನೆ, ಗಂಟು ಬಿಚ್ಚಿಕೊಳ್ಳುತ್ತದೆ. ಆದರೆ ಬಾಬುಲಾಲರು ಹೊರಗಿನಿಂದ ಬಂದ ಮನೆತನದವರಾದರೂ ಹಿರಿಯರ ಕಾಲದಿಂದ ತಾಳಿಕೋಟೆಯಲ್ಲಿ ನೆಲೆಸಿ ನಮಗಿಂತ ಹೆಚ್ಚು ನಮ್ಮವರಾಗಿದ್ದರು. ಅವರ ಪ್ರಕಾರ ಅಷ್ಟು ಕೇಳುವುದೂ ಮರ್ಯಾದೆಯಲ್ಲ. ಧರೆಪ್ಪ ಕಾದ. ಕಾಯುತ್ತ ಬೇಸರವಾಗಿ ಚೀಲದಿಂದ ಪುಸ್ತಕ ತೆಗೆದು ಓದಿದ. ಕತ್ತಲಾಗುವ ಹೊತ್ತಿಗೆ ಎದ್ದು ನಮಸ್ಕಾರ ಮಾಡಿ ಬಸ್ಸು ಹಿಡಿದ.

ಆ ಪುಸ್ತಕ ನೋಡಿ ಬಾಬುಲಾಲರು ತಮಗೆ ತಾವೇ ಒಂದು ಅರ್ಥ ಮಾಡಿಕೊಂಡರು. ಪಾಪ, ಹುಡುಗನಿಗೆ ಓದಲು ಜಾಗವಿಲ್ಲ, ಅದಕ್ಕೇ ಇಲ್ಲಿಗೆ ಬಂದಿದ್ದಾನೆ! ಮುಂದಿನ ರವಿವಾರ ಧರೆಪ್ಪ ಹೋದಾಗ ಆಫೀಸಿನ ಮೂಲೆಯಲ್ಲಿ ಅವನಿಗಾಗಿ ಗಾದಿ ಹಾಸಿತ್ತು. ಅದರ ಮುಂದಿನ ವಾರ ಮೇಜಿನ ಫ್ಯಾನು ಸಾವಕಾರರ ಕಡೆಯಿಂದ ಅವನ ಕಡೆಗೆ ತಿರುಗಿತು. ಹತ್ತಿ ತೂಗುವ ಇಬ್ರಾಹಿಂಸಾಬನ ಗಂಟಲು ಇಡೀ ಪೇಟೆಗೆ ಕೇಳುವಂಥದ್ದು. ಅವನಿಗೂ ಮೆಲ್ಲಗೆ ತೂಕ ಹೇಳಬೇಕೆಂದು ತಾಕೀತಾಯಿತು. ಅವನು ಪಿಸುಗುಟ್ಟತೊಡಗಿದ್ದೇ ತಡ, ರೈತರು ಮೋಸವಿದೆ ಎಂದು ತಿಳಿದು ತಕ್ಕಡಿಗೆ ಮುತ್ತಿಗೆ ಹಾಕಿದರು.

"ಹುಡುಗ ಓದಾಕತ್ತಾನ್ರೋ, ಸುಮ್ಮ ಇರ್ರಿ!" ಎಂದು ಅವರಿಗೂ ಪಿಸುಮಾತಿನಲ್ಲೇ ಬೈದನಂತೆ.

ಇದನ್ನೆಲ್ಲ ಧರೆಪ್ಪ ನನಗೆ ಹೇಳಿಕೊಂಡು ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಓದೇನೋ ಭರ್ಜರಿಯಾಗಿ ಸಾಗಿತ್ತು. ಕ್ಲಾಸಿನಲ್ಲಿ ಯಾರಿಗೂ ಬಿಡಿಸಲು ಬಾರದ ಲೆಕ್ಕವನ್ನು ಇವನು ಹಲಗೆಯ ಮೇಲೆ ಬಿಡಿಸಿ ಬರುತ್ತಿದ್ದ, ಪ್ರೊಫೆಸರರು ಬೆನ್ನು ತಟ್ಟುತ್ತಿದ್ದರು. ತರಬೇತಿಯ ಮಾತು ಮಾತ್ರ ಇದ್ದಲ್ಲೇ ಇತ್ತು. ಇಷ್ಟು ಓದಿ ಏನು ಮಾಡುತ್ತೀ, ನಾಲ್ಕನೇ ವರ್ಷಕ್ಕೇ ಸೇರಿಸುವುದಿಲ್ಲವಲ್ಲೋ ಎಂದು ಬೈದರೆ, "ಮುಂದಿನ ರವಿವಾರ ಕೇಳ್ತಾರ ಬಿಡು" ಅನ್ನುತ್ತಿದ್ದ.

ಮುಂದಿನ ರವಿವಾರಗಳೂ ಮುಗಿದವು. ಸೋಮವಾರ ಒಪ್ಪಿಗೆ ಪತ್ರ ಕೊಡುವುದಕ್ಕೆ ಕಡೆಯ ದಿನ. ಆ ರವಿವಾರ ಬೆಳಿಗ್ಗೆ ನಾನು ಅವನ ಚೀಲದಿಂದ ಪುಸ್ತಕ ಕಿತ್ತುಕೊಂಡು ನನ್ನ ಟ್ರಂಕಿಗೆ ಹಾಕಿ ಕೀಲಿ ಜಡಿದೆ. ಮುಖ ಮುಚ್ಚಿಕೊಳ್ಳಲು ಪುಸ್ತಕವಿಲ್ಲದಿದ್ದರೆ ಬಾಯಿಯಾದರೂ ಬಿಟ್ಟಾನು ಎಂಬ ಆಸೆ. ಜೊತೆಗೆ ನಾನೂ ಹೊರಟೆ.

"ನೀ ಬಾಯಿ ತಗದ್ರ ನನ್ನ ಆಣಿ ಐತಿ ನೋಡು" ಎಂದ ಬಸ್ಸಿನಲ್ಲಿ. "ನಾನೇ ಹೇಳ್ತೇನಿ."

ಹೋದೆವು. ಬೆಲ್ಲ ನೀರು ಬಂತು. ಚಹಾ ಬಂತು. ಬಾಬುಲಾಲರು ದಪ್ಪ ದೇಹದ, ಮೃದು ಮಾತಿನ ಮನುಷ್ಯ. ಮಳೆ ಬೆಳೆ ಕೇಳಿದರು, ಮಾಸ್ತರರ ಆರೋಗ್ಯ ಕೇಳಿದರು, ನನ್ನ ಊರು ಕೇಳಿದರು. ಕೇಳಬೇಕಾದ್ದೊಂದನ್ನು ಬಿಟ್ಟು ಎಲ್ಲವನ್ನೂ ಕೇಳಿದರು. ಧರೆಪ್ಪ ಗಾದಿಯ ಮೇಲೆ ಕೂತು ಖಾಲಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅವನ ತುಟಿ ಒಮ್ಮೆ ಅಲುಗಿತು, ನಿಂತಿತು. ಆಣೆಯ ಮಾತಿಗೆ ನಾನು ಹಲ್ಲು ಕಚ್ಚಿ ಕೂತಿದ್ದೆ. ಬಸ್ಸಿನ ಹೊತ್ತು ಹತ್ತಿರ ಬರುತ್ತಿತ್ತು.

ಬಾಬುಲಾಲರು ಫ್ಯಾನು ಅವನ ಕಡೆ ತಿರುಗಿಸಲು ಎದ್ದವರು ಹಾಗೇ ನಿಂತರು.

"ತಮ್ಮಾ, ಇವತ್ತ ಪುಸ್ತಕ ಯಾಕ ತಂದಿಲ್ಲ?"

ಧರೆಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. "ಇಂವ ಕಸಗೊಂಡಾನ್ರಿ" ಎಂದ.

"ಯಾಕ?"

"ತರಬೇತಿ ಕೇಳಲಿ ಅಂತ್ರಿ. ನಿಮ್ಮ ಜಿನ್ನಿನ್ಯಾಗ, ಸೂಟಿ ದಿನದಾಗ. ನಾಳಿಗೆ ಪತ್ರ ಕೊಡಲಿಲ್ಲಂದ್ರ ಮುಂದಿನ ಕ್ಲಾಸಿಗೆ ಹೋಗಾಕ ಬರೂದಿಲ್ರಿ."

ಬಾಬುಲಾಲರು ಗಾದಿಯ ಅಂಚಿನ ಮೇಲೆ ಮೆಲ್ಲಗೆ ಕೂತರು. ನಾವು ಇಬ್ಬರೂ ಅವರ ಮುಖ ನೋಡಿದೆವು. ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು, ಅವರಿಗೆ ನೋವಾಗಿತ್ತು.

"ಹಂಗಾದ್ರ ನೀ ಓದಾಕ ಬರ್ತಿದ್ದಿಲ್ಲೇನು?" ಎಂದರು. "ನಮ್ಮ ಜಾಗಾ ನಿನಗ ಹಿಡಿಸೇತಿ ಅಂತ ತಿಳಿದಿದ್ನಿ."

"ಹಿಡಿಸೇತ್ರಿ" ಎಂದ ಧರೆಪ್ಪ. "ಮೊದಲನೇ ರವಿವಾರ ಕೆಲಸ ಕೇಳಾಕ ಬಂದಿದ್ನಿ. ಆಮ್ಯಾಲಿಂದ ಓದಾಕ ಬಂದ್ನಿರಿ. ಊರಾಗ ನಮ್ಮದು ಒಂದ ಖೋಲಿ. ಹಾಸ್ಟೆಲಿನ್ಯಾಗ ಇಂವ ಮಾತಾಡೂದು ನಿಲ್ಸೂದಿಲ್ಲ. ನನಗಂತ ಗಾದಿ ಹಾಕಿದವರು ನೀವೊಬ್ರ. ಕೇಳಿದ್ರ ನೀವು ಇಲ್ಲ ಅನಬೋದು. ಇಲ್ಲ ಅಂದ ಮ್ಯಾಲೆ ಮತ್ತ ಯಾವ ಮುಖ ಹೊತ್ತು ಬರ್ಲಿ? ಅದಕ್ಕ ಬಾಯಿ ಬರಲಿಲ್ರಿ."

ಅಷ್ಟು ಉದ್ದ ಮಾತನ್ನು ನಾನು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಬರೀ ಸಂಕೋಚವೆಂದುಕೊಂಡು ವಾರಗಟ್ಟಲೆ ಅವನನ್ನು ಬೈದಿದ್ದೆ. ಒಂದು ಗಾದಿಯ ಆಸೆಗೆ ಇಡೀ ವರ್ಷವನ್ನು ಪಣಕ್ಕಿಟ್ಟು ಕೂತಿದ್ದಾನೆಂದು ನನಗೇನು ಗೊತ್ತು! ಆ ಕ್ಷಣ ಅವನ ಮೇಲೆ ಬಂದ ಪ್ರೀತಿ ಇವತ್ತಿಗೂ ಆರಿಲ್ಲ.

ಬಾಬುಲಾಲರು ಗುಮಾಸ್ತನನ್ನು ಕರೆಯಲಿಲ್ಲ. ತಾವೇ ಪತ್ರ ಬರೆದು ಸಹಿ ಮಾಡಿದರು. ಕೈಗೆ ಕೊಡುವ ಮೊದಲು ಹೇಳಿದರು: "ಆರು ದಿನ ಎಂಜಿನ್ ಕಡೆ ಹೋಗು. ರವಿವಾರ ಮಾತ್ರ ಇಲ್ಲೇ ಗಾದಿ ಮ್ಯಾಲೆ ಕುಂತು ಓದಬೇಕು. ಒಪ್ಪಿಗಿ ಐತೇನು?"

ಬಾಗಿಲ ಹೊರಗೆ ಇಬ್ರಾಹಿಂಸಾಬ ಇನ್ನೂ ಪಿಸುಗುಡುತ್ತಲೇ ತೂಗುತ್ತಿದ್ದ.

ಧರೆಪ್ಪ ಪಾಸಾದ, ವಿಜಾಪುರದಲ್ಲಿ ಪಾಲಿಟೆಕ್ನಿಕ್ ಮಾಸ್ತರನಾದ. ಎಪ್ಪತ್ತೊಂಬತ್ತರಲ್ಲಿ ನನ್ನ ಲಗ್ನದ ಕಾರ್ಡು ಕೊಡಲು ಸೋದರಮಾವನನ್ನು ಕರೆದುಕೊಂಡು ಅವನ ಮನೆಗೆ ಹೋದೆ. ದಾರಿಯಲ್ಲೇ ಸಿಕ್ಕ ಊರವರೊಬ್ಬರು ಎಚ್ಚರಿಸಿದ್ದರು: ಆ ಮಾಸ್ತರನಿಗೆ ರೀತಿ ರಿವಾಜು ಗೊತ್ತಿಲ್ಲ, ಹುಡುಗರಿರಲಿ ಹಿರಿಯರಿರಲಿ, ಚಪ್ಪಲಿ ಬಿಡುವ ಮೊದಲೇ ಕೇಳಿಬಿಡುತ್ತಾನೆ ಎಂದು. ನಾವು ಹೊಸ್ತಿಲ ಹತ್ತಿರ ಬಂದೆವು. ಧರೆಪ್ಪ ಓಡಿ ಬಂದು ನನ್ನ ಎರಡೂ ಕೈ ಹಿಡಿದ.

"ಬಾರೋ. ಮೊದಲ ಹೇಳು, ಏನ್ ಬೇಕಾಗಿತ್ತು?"

ಮಾವ ಮುಖ ಸಿಂಡರಿಸಿದ. ನನಗೆ ನಗು ಬಂತು, ಕಣ್ಣೂ ತುಂಬಿತು. ಒಳಗೆ ಮೂಲೆಯಲ್ಲಿ ಗಾದಿ ಹಾಸಿತ್ತು. ಅದರ ಮೇಲೆ ಯಾರೋ ವಿದ್ಯಾರ್ಥಿ ಓದುತ್ತ ಕೂತಿದ್ದ, ಫ್ಯಾನು ಅವನ ಕಡೆಗೆ ತಿರುಗಿತ್ತು.