ಚಿಕ್ಕಪ್ಪಯ್ಯನ ಕೈ ಎತ್ತಿಸಿದ ಕ್ಯಾಸೆಟ್

ನಾಲ್ಕನೇ ಹಾಡು ಅರ್ಧ ದಾಟಿದಾಗ ಚಿಕ್ಕಪ್ಪಯ್ಯನ ಬಲಗೈ ತಾನಾಗಿ ಮೇಲೆದ್ದಿತು. ಬಂದರಿನಲ್ಲಿ ಅವರು ಮೀನಿನ ಏಲಂ, ಅಂದರೆ ಹರಾಜು, ಕೂಗುವಾಗ ಏಳುತ್ತಿದ್ದ ಕೈ ಅದು. ಗಂಟಲಿನ ಆಪರೇಷನ್ ಆಗಿ ಸ್ವರ ಪಿಸುಮಾತಿಗೆ ಇಳಿದ ಮೇಲೆ ಅವರು ಬಂದರಿನ ಕಡೆ ತಲೆ ಹಾಕಿರಲಿಲ್ಲ.

ಅಣ್ಣ ಹಿಂದೆಂದೋ ಮುಂಬೈಯಿಂದ ತಂದಿದ್ದ, ಹೆಸರು ಮಾಡದ ಇಂಗ್ಲಿಷ್ ಹಿಪ್‌ಹಾಪ್ ಆಲ್ಬಮ್ಮಿನ ಕ್ಯಾಸೆಟ್ ಅದು. ಮನೆಯಲ್ಲಿ ಯಾರೂ ಪೂರ್ತಿ ಕೇಳಿರಲಿಲ್ಲ. ಎಸೆಯುವ ಮೊದಲು ಒಮ್ಮೆ ಕೇಳೋಣವೆಂದು ನಾನು ಹಾಕಿದ್ದೆ. ಮೊದಲ ಮೂರೂ ಸಪ್ಪೆ. ನಾಲ್ಕನೆಯದರಲ್ಲಿ ಒಂದು ಡ್ರಮ್ಮು, ಒಬ್ಬನ ಓಡುವ ಮಾತು, ಅಷ್ಟೇ.

"ಇದ್ ಹಾಡಲ್ಲ ಚಿಕ್ಕಪ್ಪಯ್ಯ, ಬರೀ ಮಾತ್" ಎಂದೆ.

"ನಿನ್ನ ಚರ್ಚೆ ಸಾಕ್ ಮಾರಾಯ. ಅವ ಉಸ್ರ್ ತಕಂಬುದ್ ಎಲ್ಲಿ ಅಂದೇಳಿ ಗೊತ್ತಾತಿಲ್ಲ. ಇನ್ನೊಂದ್ಸಲ ಹಾಕ್, ಕಾಂಬ" ಎಂದು ಪಿಸುಗುಟ್ಟಿದರು.

ಮತ್ತೆ ಹಾಕಿದೆ. ಈ ಸಲ ಅವರ ತುಟಿಯೂ ಆಡಿತು. ಆ ಡ್ರಮ್ಮಿನ ಬಡಿತಕ್ಕೆ ಸರಿಯಾಗಿ ಬಂಗುಡೆ ಮೀನಿನ ಬುಟ್ಟಿಗೆ ರೇಟು ಏರಿಸುತ್ತಿದ್ದರು, ಸ್ವರವಿಲ್ಲದೆ.

ಅದು ಮಾತೇ ಹೊರತು ಹಾಡಲ್ಲ ಎಂಬ ನನ್ನ ವಾದವನ್ನು ನಾನಿನ್ನೂ ಬಿಟ್ಟಿಲ್ಲ. ಆದರೆ ಮರುದಿನ ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ಚಿಕ್ಕಪ್ಪಯ್ಯ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಬಂದರಿಗೆ ಹೋಗೋಣವೆಂದು ನನ್ನ ಬೈಕಿನ ಪಕ್ಕ ನಿಂತಿದ್ದರು.