ಕರಡಿಗೆಯ ಜಾಗ

ಪೇಸ್‌ಮೇಕರ್ ಹಾಕಿಸಿಕೊಂಡವರು ಯಾರೇ ಸಿಗಲಿ, ನಾನು ಮೊದಲು ಅವರ ಕೈ ನೋಡುತ್ತೇನೆ. ಯಾವ ಕಂಪನಿಯದು, ಬ್ಯಾಟರಿ ಎಷ್ಟು ವರ್ಷ ಬರುತ್ತದಂತೆ ಎಂದು ಕೇಳುವುದೆಲ್ಲ ಆಮೇಲೆ. ಕೈ ತೊಡೆಯ ಮೇಲಿದ್ದರೆ ಸರಿ. ಮಾತಿನ ನಡುವೆ ಎದೆಯ ಕಡೆ ಏರುತ್ತಿದ್ದರೆ, ಪರಿಚಯವಿರಲಿ ಬಿಡಲಿ, ಹಿಡಿದು ಕೆಳಗಿಳಿಸುತ್ತೇನೆ. ಇದಕ್ಕಾಗಿ ಬೈಸಿಕೊಂಡಿದ್ದೇನೆ. ಪರವಾಗಿಲ್ಲ.

ನಾನು ಕಾಶಿಗೆ ಬಂದದ್ದು ಗದಗ ಕಡೆಯ ಒಂದು ಯಾತ್ರೆಯ ಬಸ್ಸಿನಲ್ಲಿ, ಪಾತ್ರೆ ತೊಳೆಯುವವನಾಗಿ. ಬಸ್ಸು ವಾಪಸು ಹೋಯಿತು, ನಾನು ಹೋಗಲಿಲ್ಲ. ನಮ್ಮ ಕಡೆಯ ಮಠದಲ್ಲಿ ಅಡುಗೆ ಮಾಡುತ್ತಿದ್ದವರು ಒಲೆಯ ಪಕ್ಕ ಮಲಗಲು ಜಾಗ ಕೊಟ್ಟರು. ಅವರನ್ನು ಕಾಕಾ ಎನ್ನುತ್ತಿದ್ದೆ. ಎರಡು ವರ್ಷ ಅವರ ಕೈಕೆಳಗೆ ರೊಟ್ಟಿ ಬಡಿದೆ, ಅವರ ಚೀಲ ಹೊತ್ತು ತರಕಾರಿ ಮಂಡಿಯಲ್ಲಿ ಹಿಂದಿ ಕಲಿತೆ, ಚೌಕಾಸಿ ಕಲಿತೆ. ಆಮೇಲೆ ಕರ್ನಾಟಕದಿಂದ ಬರುವ ಯಾತ್ರಿಕರನ್ನು ಬನಾರಸಿ ಸೀರೆಯ ಅಂಗಡಿಗೆ ಕರೆದೊಯ್ಯುವುದು, ಅವರ ಪರವಾಗಿ ರೇಟು ಇಳಿಸುವುದು, ಎರಡೂ ಕಡೆಯಿಂದ ನನ್ನ ಪಾಲು ತೆಗೆದುಕೊಳ್ಳುವುದು ಕಸುಬಾಯಿತು. ಎರಡೂ ಕಡೆಯಿಂದ ಎಂದು ಬರೆಯಲು ನನಗೆ ನಾಚಿಕೆಯಿಲ್ಲ. ನಾನಿಲ್ಲದೆ ಅಂಗಡಿ ಹೊಕ್ಕವರು ನನ್ನ ಪಾಲಿಗಿಂತ ಹೆಚ್ಚು ಕಳೆದುಕೊಂಡು ಬಂದದ್ದನ್ನು ಕಂಡಿದ್ದೇನೆ. ಶಿವಾಲ ಘಾಟಿನ ಹತ್ತಿರದ ನಮ್ಮ ಎರಡು ಕೋಣೆಯ ಮನೆ ಈ ಕಸುಬಿನಿಂದಲೇ ಆದದ್ದು.

ಗೋದೌಲಿಯಾ ಚೌಕದ ನೂಕುನುಗ್ಗಲಿನಲ್ಲಿ ಬೆಳ್ಳಿಯ ಕರಡಿಗೆ ಎದೆಯ ಮೇಲೆ ನೇತಾಡಿದರೆ ಸಂಜೆಯ ಹೊತ್ತಿಗೆ ದಾರ ಮಾತ್ರ ಉಳಿದಿರುತ್ತದೆ. ಅದಕ್ಕೇ ನಾನು ಶಿವದಾರವನ್ನು ಗಿಡ್ಡ ಮಾಡಿ, ಇಷ್ಟಲಿಂಗದ ಕರಡಿಗೆ ಎಡ ಕೊರಳೆಲುಬಿನ ಕೆಳಗೆ, ಬನಿಯನ್ನಿನೊಳಗೆ ಕೂರುವಂತೆ ಕಟ್ಟಿಕೊಂಡಿದ್ದೆ. ಚೌಕಾಸಿ ಬಿಗಿಯಾದಾಗ ಬಲಗೈ ತಾನಾಗಿ ಅಂಗಿಯೊಳಗೆ ಹೋಗಿ ಅದನ್ನು ಹಿಡಿದು ತಿರುವುತ್ತಿತ್ತು. ಮೂವತ್ತು ವರ್ಷದ ಅಭ್ಯಾಸ. ಯಾತ್ರಿಕರು ನಾನು ಶಿವನನ್ನು ನೆನೆಯುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು. ಅಂದುಕೊಂಡರೆ ನನಗೇನೂ ನಷ್ಟವಿರಲಿಲ್ಲ.

ಎರಡು ವರ್ಷದ ಹಿಂದೆ ಅಂಗಡಿಯೊಂದರ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಬಿದ್ದೆ. ಈ ಊರಿನದೇ ಲಂಕಾ ಎಂಬ ಬಡಾವಣೆಯ ಕಡೆ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ದಾವಣಗೆರೆಯ ಡಾಕ್ಟರೊಬ್ಬರಿದ್ದರು. ಮಠಕ್ಕೆ ಬಂದುಹೋಗುವ ಕನ್ನಡದವರೆಲ್ಲ ಅವರ ಬಳಿಗೇ ಹೋಗುತ್ತಿದ್ದೆವು. ಹೃದಯದ ಮೇಲಿನ ಮನೆಯ ಸುದ್ದಿ ಕೆಳಗಿನ ಮನೆಗೆ ಮುಟ್ಟುತ್ತಿಲ್ಲ, ಪೇಸ್‌ಮೇಕರ್ ಹಾಕಬೇಕು ಎಂದರು. ನಾನು ಮಲಗಿದಲ್ಲೇ ಚೌಕಾಸಿಗೆ ಇಳಿದೆ.

"ಯಜಮಾನ್ರೇ, ನಿಮ್ಮ ನಾಡಿ ಮೂವತ್ತೈದಕ್ಕೆ ಇಳಿದೈತೆ. ಇದೇನು ಸೀರೆ ಅಲ್ಲ."

"ಮೂವತ್ತೈದರಾಗೂ ಮಾತಾಡ್ತೀನಿ ನೋಡ್ರಿ ಡಾಕ್ಟ್ರ," ಎಂದೆ.

ಕೊನೆಗೆ ಅವರು ತಮ್ಮ ಫೀಜಿನಲ್ಲಿ ಅರ್ಧ ಬಿಟ್ಟರು. ಎಡ ಕೊರಳೆಲುಬಿನ ಕೆಳಗೆ ಚರ್ಮ ಕೊಯ್ದು, ಬೆಂಕಿಪೊಟ್ಟಣದಷ್ಟಿದ್ದ ಮಷೀನನ್ನು ಒಳಗಿಟ್ಟು, ಅದರ ತಂತಿಯನ್ನು ರಕ್ತನಾಳದೊಳಗಿಂದ ಹೃದಯಕ್ಕೆ ಇಳಿಸಿದರು. ಗಾಯ ಮಾಗುವ ತನಕ ಅಲ್ಲಿ ಏನೂ ತಾಗಬಾರದು, ಕೈ ಆಡಿಸಬಾರದು ಎಂದರು. ನನ್ನ ಹೆಂಡತಿ ಶಿವದಾರವನ್ನು ಉದ್ದ ಮಾಡಿ ಕಟ್ಟಿದಳು, ಕರಡಿಗೆ ಹೊಟ್ಟೆಯ ಮೇಲಕ್ಕೆ ಇಳಿಯಿತು. ಗಾಯ ಮಾಗಿತು. ಮಾಗುವ ತನಕ ಎಂದಿದ್ದರಲ್ಲ, ಷರತ್ತು ಮುಗಿಯಿತು ಎಂದುಕೊಂಡೆ. ಮುಂದೆಂದೂ ಮುಟ್ಟಬಾರದೆಂದು ಡಿಸ್ಚಾರ್ಜ್ ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತಂತೆ. ಆ ಕಾಗದದಲ್ಲಿ ನಾನು ಓದಿದ್ದು ಬಿಲ್ಲೊಂದನ್ನೇ.

ಮರು ವರ್ಷ ಕಾಕಾನ ನಾಡಿಯೂ ಹಾಗೇ ಇಳಿಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಡಾಕ್ಟರು ನೋಡಿ, ನನಗೆ ಹಾಕಿದಂಥದ್ದೇ ಹಾಕಬೇಕು, ತಡ ಮಾಡಿದರೆ ಒಂದು ದಿನ ನಿಂತಲ್ಲೇ ಹೋಗುತ್ತಾರೆ ಎಂದರು. ಕಾಕಾ ನನ್ನನ್ನು ಕರೆಸಿದರು.

"ತಮ್ಮಾ, ಡಾಕ್ಟ್ರ ಮಾತು ನನಗ ತಿಳಿಯಂಗಿಲ್ಲ. ನಿನ್ನ ಎದ್ಯಾಗ ಒಂದು ಐತಿ. ನೀ ಹಾಕಿಸ್ಕೋ ಅಂದ್ರ ಹಾಕಿಸ್ಕೋತೀನಿ, ಬ್ಯಾಡ ಅಂದ್ರ ಬ್ಯಾಡ."

"ಹಾಕಿಸ್ಕೋ ಕಾಕಾ. ರೇಟು ನಾ ಮಾತಾಡ್ತೀನಿ."

ಮಾತಾಡಿದೆ. ಶ್ರಾವಣ ಮುಗಿದ ಮೇಲಿನ ಸೋಮವಾರ ಎಂದು ನಿಗದಿಯಾಯಿತು. ಆದರೆ ಇಲ್ಲಿಯವರ ಶ್ರಾವಣ ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಆಸ್ಪತ್ರೆಯವರು ತಮ್ಮ ಲೆಕ್ಕದಲ್ಲಿ ಮಂಚ ಖಾಲಿ ಇಟ್ಟುಕೊಂಡರು. ಕಾಕಾ ಹೋಗಲಿಲ್ಲ. "ನಮ್ಮ ಶ್ರಾವಣ ಇನ್ನೂ ಹದಿನೈದು ದಿನ ಐತಿ, ಒಲಿ ಬಿಟ್ಟು ಹೆಂಗ ಮಲಗಲಿ?" ಎಂದರು. ನಾನು ಎಳೆದುಕೊಂಡು ಹೋಗಬಹುದಿತ್ತು. ಹದಿನೈದು ದಿನ ತಡವಾದರೆ ರೇಟು ಇನ್ನಷ್ಟು ಇಳಿಸಬಹುದೆಂದು ಸುಮ್ಮನಾದೆ.

ಆ ಹದಿನೈದು ದಿನದಲ್ಲಿಯೇ ನನಗೆ ಬಿಕ್ಕಳಿಕೆ ಶುರುವಾಯಿತು. ನೀರು ಕುಡಿದರೂ, ಸಕ್ಕರೆ ನುಂಗಿದರೂ ನಿಲ್ಲದ ಬಿಕ್ಕಳಿಕೆ, ಗಡಿಯಾರದ ಹಾಗೆ ಒಂದೇ ಅಂತರದಲ್ಲಿ. ನಾಲ್ಕು ದಿನ ಗ್ಯಾಸಿನ ಮಾತ್ರೆ ತಿಂದೆ. ಮಷೀನಿರುವವರು ಈ ತಪ್ಪು ಮಾಡಬೇಡಿ. ತಾಳ ಹಿಡಿದು ಬರುವ ಬಿಕ್ಕಳಿಕೆ ಹೊಟ್ಟೆಯದಲ್ಲ, ಆ ದಿನವೇ ಆಸ್ಪತ್ರೆಗೆ ಹೋಗಿ. ಮಾತ್ರೆಗೂ ನಿಲ್ಲದಾಗ ಮಷೀನೇ ಕೆಟ್ಟಿದೆ ಎಂದು ನನಗೂ ಹೊಳೆಯಿತು. ಆದರೂ ನಾನು ಆಸ್ಪತ್ರೆಗೆ ಹೋಗಲಿಲ್ಲ, ಮಠಕ್ಕೆ ಹೋದೆ. ನಮ್ಮ ಶ್ರಾವಣದ ಕೊನೆಯ ಸೋಮವಾರ, ದಾಸೋಹದ ಪಂಕ್ತಿ ತುಂಬಿತ್ತು. ಎದುರು ಸಾಲಿನಲ್ಲಿ ಡಾಕ್ಟರು ಊಟಕ್ಕೆ ಕೂತಿದ್ದರು. ಕಾಕಾ ಸಾರಿನ ಬಕೀಟು ಹಿಡಿದು ಬಡಿಸುತ್ತಿದ್ದರು.

ಹೆಣದ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಬೆಂಕಿಯಲ್ಲಿ ಸಿಡಿಯುತ್ತದೆ. ಸುಡುವ ಮೊದಲು ಅದನ್ನು ತೆಗೆಯುತ್ತಾರೆಂದು ಈ ಊರಲ್ಲಿ ಎಲ್ಲರಿಗೂ ಗೊತ್ತು. ಬೇಕಾದದ್ದು ಅಷ್ಟೇ ನನಗೆ.

"ಡಾಕ್ಟ್ರ," ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ, "ಹೊಸ ಮಾಲು ಅಂತ ಹೇಳಿ ಯಾವನ ಎದಿದು ಹಾಕಿದ್ರಿ ನನಗ? ಮಣಿಕರ್ಣಿಕಾದಾಗ ಹೆಣದಿಂದ ತೆಗೀತಾರಲ್ಲ, ಅದನ್ನ ತೊಳದು ಹಾಕಿದ್ರೇನು?"

ಪಂಕ್ತಿಯಲ್ಲಿ ನನ್ನ ಬಿಕ್ಕಳಿಕೆಯೊಂದೇ ಕೇಳಿಸುತ್ತಿತ್ತು.

ಡಾಕ್ಟರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟರು. "ನಾಳೆ ಬೆಳಿಗ್ಗೆ ಬರ್ರಿ, ಎಕ್ಸ್‌ರೇ ತೆಗೆಯೋಣ. ಇದು ಊಟದ ಜಾಗ," ಎಂದು ಎದ್ದು ಕೈ ತೊಳೆಯಲು ಹೋದರು. ಮೊದಲು ಎದ್ದವನು ಸೋತ ಎಂಬುದು ನನ್ನ ಕಸುಬಿನ ಲೆಕ್ಕ. ಗೆದ್ದೆ ಎಂದುಕೊಂಡೆ. ಕಾಕಾ ಬಕೀಟನ್ನು ನೆಲಕ್ಕಿಟ್ಟು ನನ್ನನ್ನೇ ನೋಡುತ್ತಿದ್ದರು.

ಮರುದಿನ ಹೋಗಲಿಲ್ಲ. ಮಾತು ಎಸೆದ ಮೇಲೆ ಸುಮ್ಮನಿರಬೇಕು. ಎದುರಿನವನೇ ಹುಡುಕಿಕೊಂಡು ಬಂದು, ಆಗಲಿ, ಹೊಸದೊಂದು ಪುಕ್ಕಟೆ ಹಾಕಿಕೊಡುತ್ತೇನೆ ಎನ್ನಬೇಕು. ಮೂರು ದಿನ ಕಾದೆ. ಬಿಕ್ಕಳಿಕೆ ತಾನಾಗಿ ನಿಂತಿತು, ಎಡ ಎದೆಯ ಸ್ನಾಯು ಅದೇ ತಾಳದಲ್ಲಿ ಹಾರತೊಡಗಿತು. ಅದೂ ನಿಂತು ಎಡ ತೋಳು ಹಾರತೊಡಗಿತು.

"ಕೈ ಯಾಕ್ರೀ ಹಂಗ ಕುಣಿಸ್ತೀರಿ?" ಎಂದಳು ಹೆಂಡತಿ.

"ನಾ ಎಲ್ಲಿ ಕುಣಸಾಕತ್ತೀನಿ? ಅದ ಕುಣಿಯಾಕತ್ತೈತಿ. ನೀ ಚಾ ಮಾಡು ಹೋಗು."

ಚಹಾ ಬರುವುದರೊಳಗೆ ನಾನು ಬಚ್ಚಲಿನಲ್ಲಿ ಬಿದ್ದಿದ್ದೆ. ಈ-ರಿಕ್ಷಾದಲ್ಲಿ ಹಾಕಿಕೊಂಡು ಲಂಕಾದ ತನಕ ಅವಳು ನನ್ನ ಕೆನ್ನೆಗೆ ಹೊಡೆಯುತ್ತಲೇ ಹೋದಳಂತೆ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದರು. ನೇಕಾರರ ಮನೆಗಳಲ್ಲಿ ಕಂಡಿಕೆಗೆ ರೇಷ್ಮೆ ಸುತ್ತುವುದನ್ನು ಸಾವಿರ ಸಲ ನೋಡಿದವನು ನಾನು. ಹಾಗೇ ಇತ್ತು. ಹೃದಯದಲ್ಲಿರಬೇಕಾದ ತಂತಿ ಪೂರ್ತಿ ಮೇಲೆ ಬಂದು ಮಷೀನಿನ ಸುತ್ತ ಸುತ್ತಿಕೊಂಡಿತ್ತು.

"ಮಷೀನು ನೆಟ್ಟಗೈತೆ," ಎಂದರು. "ತಂತಿ ಮೇಲೆ ಬರ್ತಾ ಬರ್ತಾ ಮೊದಲು ವಪೆಗೆ, ಅಂದ್ರೆ ಉಸಿರಾಡೋ ಪೊರೆಗೆ, ಕರೆಂಟು ಹೊಡೆದೈತೆ, ಬಿಕ್ಕಳಿಕೆ ಬಂತು. ಆಮೇಲೆ ಎದೆಗೆ, ಆಮೇಲೆ ತೋಳಿಗೆ. ಇದನ್ನ ಯಾರೋ ದಿನಾ ತಿರುವ್ಯಾರೆ. ಯಾರು?"

"ನನಗೇನ್ ಹುಚ್ಚೇನ್ರಿ, ನನ್ನ ಎದಿ ನಾನ ತಿರುವಾಕ?"

ಹೆಂಡತಿ ಬಾಯಿ ತೆರೆದಳು. ನಿದ್ದೆಯಲ್ಲೂ ಎದೆ ತಿರುವಿಕೊಳ್ಳುತ್ತೀರಿ ಎಂದು ಅವಳು ಎರಡು ಮೂರು ಸಲ ಹೇಳಿದ್ದಳು. ನಾನು ಅವಳತ್ತ ಕಣ್ಣು ಬಿಟ್ಟೆ, ಅವಳು ಬಾಯಿ ಮುಚ್ಚಿದಳು.

ಎರಡನೇ ಆಪರೇಷನ್ನಿನಲ್ಲಿ ಹೊಸ ತಂತಿ ಇಳಿಸಿ, ಮಷೀನು ತಿರುಗದಂತೆ ಸ್ನಾಯುವಿಗೇ ಹೊಲಿದರು. ಫೀಜು ಎಷ್ಟು ಎಂದು ಕೇಳಿದೆ. "ಏನೂ ಬ್ಯಾಡ," ಎಂದರು ಡಾಕ್ಟರು. "ನಿಮ್ಮ ಮೇಲಿನ ಪ್ರೀತಿಗಲ್ಲ. ನಿಮ್ಮ ಜೊತೆ ಇನ್ನೊಂದು ಸಲ ರೇಟಿನ ಮಾತಾಡೋ ಶಕ್ತಿ ನನಗಿಲ್ಲ."

ಮೂವತ್ತು ವರ್ಷದಿಂದ ನಾನು ಗಿರಾಕಿ ಕರೆದೊಯ್ಯುತ್ತಿದ್ದ ಸೀರೆ ಅಂಗಡಿಯ ಯಜಮಾನ ನೋಡಲು ಬಂದ. ಎಕ್ಸ್‌ರೇ ತೋರಿಸಿ, ಹೀಗಾಯಿತು ನೋಡು ಎಂದೆ. ಅವನು ಹಾಳೆಯನ್ನು ಬೆಳಕಿಗೆ ಹಿಡಿದು ಹೊಟ್ಟೆ ಕುಣಿಯುವಂತೆ ನಕ್ಕು, ತನ್ನ ಬನಾರಸಿ ಹಿಂದಿಯಲ್ಲಿ ಶುರು ಮಾಡಿದ.

"ಕಾ ಗುರು! ಮೊದಲು ಲಿಂಗದ ಡಬ್ಬಿ ತಿರುವುತ್ತಿದ್ದಿರಿ, ಈಗ ಒಂದು ವರ್ಷದಿಂದ ಮಷೀನು ತಿರುವುತ್ತಿದ್ದೀರಿ. ನಿಮಗೇ ಗೊತ್ತಿಲ್ಲವೇ?"

"ನಿನಗೆ ಗೊತ್ತಿತ್ತೇ?"

"ನಮ್ಮಪ್ಪನಿಗೂ ಗೊತ್ತಿತ್ತು. ನಿಮ್ಮ ಕೈ ಅಂಗಿಯೊಳಗೆ ಹೋಯಿತೆಂದರೆ ನಿಮ್ಮ ಕೊನೆಯ ರೇಟು ಬಂತು ಎಂದೇ ಅರ್ಥ. ಅಲ್ಲಿಂದ ಮುಂದೆ ನಾವು ಒಂದು ಪೈಸೆಯೂ ಇಳಿಯುತ್ತಿರಲಿಲ್ಲ."

"ಮಷೀನಿನ ಮೇಲೆ ಕೈ ಇದೆ ಎಂದು ಹೇಳಬಾರದಿತ್ತೇ, ಮಾರಾಯ?"

"ಹೇಳಿದ್ದರೆ ಬಿಟ್ಟುಬಿಡುತ್ತಿದ್ದಿರಿ. ಆಮೇಲೆ ನಾನು ಏನು ನೋಡಿ ವ್ಯಾಪಾರ ಮಾಡಲಿ?"

ನನಗೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಹೇಳುತ್ತಿರಲಿಲ್ಲ.

ಹೊಲಿಗೆ ಬಿಚ್ಚಿದ ದಿನ ನೇರ ಮಠದ ಅಡುಗೆಮನೆಗೆ ಹೋದೆ. ನಮ್ಮ ಶ್ರಾವಣವೂ ಮುಗಿದಿತ್ತು. ಕಾಕಾ ಮಣೆಯ ಮೇಲೆ ಕೂತು ಹಿಟ್ಟು ನಾದುತ್ತಿದ್ದರು. ಎರಡು ಸಲ ನಾದಿ ಒಂದು ಸಲ ಉಸಿರು ಹಿಡಿಯುತ್ತಿದ್ದರು.

"ಕಾಕಾ, ತಪ್ಪು ನಂದು. ಮಷೀನು ಹೊಸಾದ. ಡಾಕ್ಟ್ರು ಛಲೋ ಮನಷ್ಯಾ. ಕರಡಿಗಿ ಅಂತ ತಿಳದು ನಾನ ತಿರುವೀನಿ. ನಾಳೆ ನಡಿ, ಹಾಕಿಸ್ಕೋ."

ಅವರು ನಾದುವುದನ್ನು ನಿಲ್ಲಿಸಲಿಲ್ಲ. "ಎಷ್ಟು ಕೊಟ್ರು?"

"ಯಾರು?"

"ಡಾಕ್ಟ್ರು. ಎರಡನೇದು ಪುಕ್ಕಟೆ ಮಾಡ್ಯಾರಂತ, ಮಠದಾಗ ಎಲ್ಲಾರೂ ಮಾತಾಡ್ತಾರ. ಬಾಯಿ ಮುಚ್ಚಾಕ ಪುಕ್ಕಟೆ ಮಾಡ್ಯಾರ. ನನ್ನ ಕರಕೊಂಡು ಹೋದ್ರ ಮ್ಯಾಲ ಎಷ್ಟು?"

"ನನ್ನಾಣಿ ಕಾಕಾ, ಒಂದು ಪೈಸಾ ಇಲ್ಲ."

"ತಮ್ಮಾ, ನಿನಗ ಮಂಡಿಯಾಗ ಮಾತು ಕಲಿಸಿದಾವ ನಾನು. ನೀ ಪುಕ್ಕಟೆ ಮಾತು ಬದಲಿ ಮಾಡಾವಲ್ಲ."

ಎಕ್ಸ್‌ರೇ ತೆಗೆದು ತೋರಿಸಿದೆ. ಹಿಟ್ಟಿನ ಕೈಯಲ್ಲಿ ಮುಟ್ಟದೆ ದೂರದಿಂದ ನೋಡಿದರು. "ದಾರದ ಉಂಡಿ ಕಂಡಂಗ ಕಾಣತೈತಿ. ಯಾರದೋ ಏನೋ. ನಮ್ಮನ್ನ ಸುಡಂಗಿಲ್ಲ, ಕುಂಡ್ರಿಸಿ ಹೂಳ್ತಾರ. ಕೈಯಾಗ ಲಿಂಗ, ಎದ್ಯಾಗ ಯಾವನದೋ ಹೆಣದ ಮಷೀನು. ಹಂಗ ಕುಂದ್ರೂದಿಲ್ಲ ನಾ."

ಮೂರು ಸಲ ಹೋದೆ. ಹೆಂಡತಿಯನ್ನು ಕಳಿಸಿದೆ. ಡಾಕ್ಟರನ್ನೇ ಮಠಕ್ಕೆ ಬರಹೇಳಿದೆ; ಅವರು ಬಂದರು, ಪೆಟ್ಟಿಗೆಯ ಸೀಲು ಒಡೆಯದ ಹೊಸ ಮಷೀನು ತೋರಿಸಿದರು. ಕಾಕಾ ಅವರಿಗೆ ಬೆಲ್ಲದ ಪಾನಕ ಕೊಟ್ಟು, ನಮಸ್ಕಾರ ಮಾಡಿ, ಒಲೆಯ ಕಡೆ ತಿರುಗಿ ಕೂತರು. ಮೂವತ್ತು ವರ್ಷ ನಾನು ಹೇಳಿದ ಸುಳ್ಳಿಗೆಲ್ಲ ಗಿರಾಕಿ ಸಿಕ್ಕಿದ್ದರು. ಈ ಒಂದು ನಿಜಕ್ಕೆ ಸಿಗಲಿಲ್ಲ.

ದಸರೆಗೆ ಮುಂಚೆ ಒಂದು ಬೆಳಿಗ್ಗೆ ಕಾಕಾ ಹಂಚಿನ ಮೇಲೆ ರೊಟ್ಟಿ ಹಾಕಿ ಅದನ್ನು ತಿರುವಲಿಲ್ಲ. ಸುಟ್ಟ ವಾಸನೆಗೆ ಜನ ಒಳಗೆ ಹೋದಾಗ ಅವರು ಹಿಟ್ಟಿನ ಪರಾತದ ಮೇಲೆ ಬಾಗಿ ಕೂತಿದ್ದರಂತೆ. ನಿಂತಲ್ಲೇ ಹೋಗುತ್ತಾರೆ ಎಂದಿದ್ದರು ಡಾಕ್ಟರು. ಕೂತಲ್ಲೇ ಹೋದರು. ಅಷ್ಟೇ ವ್ಯತ್ಯಾಸ.

ಗುಂಡಿಯಲ್ಲಿ ಅವರನ್ನು ಪದ್ಮಾಸನದಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟರು. ಡಾಕ್ಟರು ಬಂದು ಹಿಂದೆ ನಿಂತಿದ್ದರು. ಜನ ಅವರಿಗೆ ಜಾಗ ಬಿಟ್ಟರು, ಯಾರೂ ಮಾತಾಡಿಸಲಿಲ್ಲ. ಮಠದ ಕನ್ನಡದವರು ಅವರ ಆಸ್ಪತ್ರೆಗೆ ಹೋಗುವುದನ್ನು ಆಗಲೇ ಬಿಟ್ಟಿದ್ದರು. ಮಣ್ಣು ಹಾಕುವ ಮೊದಲು ನಾನು ಮುಂದೆ ಬಂದು ನಿಂತೆ.

"ಎಲ್ಲಾರೂ ಕೇಳ್ರಿ. ಅವತ್ತು ಪಂಕ್ತಿಯಾಗ ನಾ ಆಡಿದ್ದು ಸುಳ್ಳು. ಡಾಕ್ಟ್ರು ಹಾಕಿದ್ದು ಹೊಸಾ ಮಷೀನು, ಕೆಡಿಸಿದಾವ ನಾನು. ಕಾಕಾನ್ನ ಕೊಂದದ್ದು ನನ್ನ ಮಾತು."

ಹಿಂದಿನಿಂದ ಯಾರೋ, ತಗ್ಗಿದ ದನಿಯಲ್ಲಾದರೂ ಎಲ್ಲರಿಗೂ ಕೇಳುವ ಹಾಗೆ, "ಇದಕ್ಕೆಷ್ಟು ಕೊಟ್ಟಾರೋ," ಎಂದರು. ಒಂದಿಬ್ಬರು ನಕ್ಕರು, ಗುಂಡಿಯ ಅಂಚಿನಲ್ಲಿ ನಿಂತೇ. ನಾನು ಇನ್ನೂ ಜೋರಾಗಿ ಮತ್ತೆ ಮೊದಲಿಂದ ಹೇಳತೊಡಗಿದೆ.

ಡಾಕ್ಟರು ಜನರ ನಡುವಿನಿಂದ ಬಂದು ನನ್ನ ಪಕ್ಕ ನಿಂತರು. ನನ್ನ ಪರವಾಗಿ ಏನಾದರೂ ಹೇಳುತ್ತಾರೆ ಎಂದುಕೊಂಡೆ.

"ಯಜಮಾನ್ರೇ," ಎಂದರು, "ಕೈ."

ನೋಡಿಕೊಂಡೆ. ಬಲಗೈ ಅಂಗಿಯೊಳಗಿತ್ತು.